ಏಣಿ ಕೊಡಿ, ಶೀಲ್ಡು ಬೇಡ

2023ರ ಮಾರ್ಚ್ 3, ಶುಕ್ರವಾರ. ಅಕ್ಕನ ಮನೆಗೆಂದು ಗುಂಡ್ಲುಪೇಟೆಗೆ ಹೋಗಿದ್ದೆ. ಇಶಾ ನಮಾಜು ಮುಗಿಸಿ ಊಟ ಮಾಡಿಕೊಂಡು ಅಕ್ಕನ ಮಗನೊಂದಿಗೆ ಕೇರಳ ರಸ್ತೆಯ ಚಹಾದಂಗಡಿಗೆ ಹೋದರೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಕಾಡಿನ ದಾರಿ ಮುಚ್ಚುತ್ತದೆ, ಬೆಳಿಗ್ಗೆ ಆರರವರೆಗೆ ವಯನಾಡಿನ ಕಡೆಗೆ ಲಾರಿ ಬಿಡುವುದಿಲ್ಲ. ಹಾಗೆ ಸಿಕ್ಕಿಕೊಂಡ ಮಲಯಾಳಿ ಡ್ರೈವರುಗಳು, ಶುಂಠಿ ಹೊಲದ ಕೂಲಿಗಳು, ನಮ್ಮ ಗ್ಯಾರೇಜಿನ ಹುಡುಗರು, ಎಲ್ಲರೂ ಒಂದೇ ಟಿ.ವಿ.ಯ ಮುಂದೆ ಕತ್ತು ಚಾಚಿ ನಿಂತಿದ್ದರು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸಿಗೂ ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿ, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿಬಿಟ್ಟರು. ಕೇರಳದ ತಂಡ ಸಿಟ್ಟಾಗಿ ಮೈದಾನ ಬಿಟ್ಟು ಹೊರನಡೆಯಿತು. ಚಹಾದಂಗಡಿಯಲ್ಲಿ ಗದ್ದಲವೋ ಗದ್ದಲ.

ನನ್ನ ಅಕ್ಕನ ಮಗ ಆಗ ಹತ್ತನೇ ತರಗತಿ. ಅವನು ಹಾಕಿಕೊಂಡಿದ್ದುದು ಕೇರಳ ಬ್ಲಾಸ್ಟರ್ಸಿನ ಹಳದಿ ಜೆರ್ಸಿ. ಒಬ್ಬ ಡ್ರೈವರ್ ನಗುತ್ತಾ ಅವನ ಬೆನ್ನು ತಟ್ಟಿ, 'ನೀನು ಕರ್ನಾಟಕದ ಹುಡುಗ ಅಲ್ವಾ ಮೋನೇ, ನಮ್ಮ ಬಣ್ಣ ಯಾಕೆ?' ಎಂದು ಕೇಳಿದ. ಹುಡುಗ ಉತ್ತರಿಸದೆ ನನ್ನ ಕಡೆ ತಿರುಗಿ, 'ಮಾಮು, ಹಂಗಾದ್ರೆ ನಮ್ ಟೀಮು ಯಾವ್ದು?' ಎಂದ.

'ಬೆಂಗಳೂರು' ಎಂದೆ.

'ಅವರು ನಮ್ಮೂರಿಗೆ ಯಾವತ್ತಾದ್ರೂ ಬಂದಿದ್ದಾರಾ?'

ನಾನು ಚಹಾ ಕುಡಿಯತೊಡಗಿದೆ. ಕತೆ ಬರೆಯುವವನಿಗೆ ಮಾತು ಕಡಿಮೆಯಾಗಬಾರದು. ಆದರೆ ಆ ರಾತ್ರಿ ನನಗೆ ಮಾತು ಸಿಗಲಿಲ್ಲ.

ಇನ್ನೊಂದು ಸಂಗತಿ ಕೇಳಿ. ಮರುದಿನವೇ, ಅಂದರೆ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕ ತಂಡ ಸಂತೋಷ್ ಟ್ರೋಫಿಯ ಫೈನಲ್ ಆಡಿ ಮೇಘಾಲಯವನ್ನು 3-2ರಿಂದ ಸೋಲಿಸಿತು. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದಿದ್ದ ಕಪ್ಪು ಐವತ್ನಾಲ್ಕು ವರ್ಷಗಳ ನಂತರ ಮತ್ತೆ ನಮ್ಮ ರಾಜ್ಯಕ್ಕೆ ಬಂತು. ಹಿಂದಿನ ವರ್ಷವಷ್ಟೇ ಮಂಜೇರಿಯ ಸೆಮಿಫೈನಲ್‌ನಲ್ಲಿ ಕೇರಳದ ಕೈಯಲ್ಲಿ 7-3ರಿಂದ ಸೋತಿದ್ದ ರಾಜ್ಯ ಇದು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಗಂಡಸರು ದುಡಿಯುತ್ತಿರುವ ಸೌದಿಯಲ್ಲೇ ಆ ಪಂದ್ಯ ನಡೆಯಿತು. ಆದರೂ ಅದೇ ಚಹಾದಂಗಡಿಯಲ್ಲಿ, ಅದೇ ಹುಡುಗರಲ್ಲಿ ಒಬ್ಬನಿಗೂ ಆ ಸುದ್ದಿ ಗೊತ್ತಿರಲಿಲ್ಲ. ನಾನು ಹೇಳಿದಾಗ ಒಬ್ಬ, 'ನಮ್ದೂ ಒಂದು ಟೀಮ್ ಅದಾ ಸಾರ್?' ಎಂದು ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ.

2022-23ರ ಸಾಲು ಕರ್ನಾಟಕದ ಫುಟ್‌ಬಾಲಿಗೆ ಸುಗ್ಗಿಯ ಸಾಲು. ಬೆಂಗಳೂರು ಎಫ್‌ಸಿ 2022ರ ಸೆಪ್ಟೆಂಬರಿನಲ್ಲಿ ಕೋಲ್ಕತ್ತಾದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಗೆದ್ದಿತು. ಲೀಗಿನಲ್ಲಿ ಮೊದಲು ಮುಗ್ಗರಿಸಿ, ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು. ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ನಡೆದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು 2-2 ಸಮ ಮಾಡಿಕೊಂಡು ಪೆನಾಲ್ಟಿಯಲ್ಲಿ ಸೋತಿತು. ಏಪ್ರಿಲ್‌ನಲ್ಲಿ ಕೋಯಿಕ್ಕೋಡಿನಲ್ಲಿ ಸೂಪರ್ ಕಪ್ಪಿನ ಫೈನಲ್, ಅಲ್ಲಿ ಒಡಿಶಾ ಎದುರು 2-1 ಸೋಲು. ಒಂದೇ ಸಾಲಿನಲ್ಲಿ ಮೂರು ಫೈನಲ್, ಜೊತೆಗೆ ರಾಜ್ಯ ತಂಡಕ್ಕೆ ಸಂತೋಷ್ ಟ್ರೋಫಿ. ಇಷ್ಟೆಲ್ಲ ಸುಗ್ಗಿ ಆಯಿತು. ಅದರ ಒಂದು ಕಾಳಾದರೂ ಬೆಂಗಳೂರಿನಿಂದ ನೂರೆಂಬತ್ತು ಕಿಲೋಮೀಟರ್ ದೂರದ ಚಾಮರಾಜನಗರಕ್ಕೆ ಬಂದು ಬಿತ್ತೇ? ಮೈಸೂರಿನಿಂದ ಬರುವ ರೈಲು ನಮ್ಮ ಊರಿನಲ್ಲಿ ಮುಗಿಯುತ್ತದೆ. ಆಟದ ರೈಲು ನಮ್ಮ ಊರಿನವರೆಗೂ ಬರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಹೀಗೆ ಕೇಳಿದರೆ ಸಿಗುವ ಮೊದಲ ಉತ್ತರ: 'ನಮ್ಮ ಕಡೆಯ ಹುಡುಗರಿಗೆ ಫುಟ್‌ಬಾಲಿನಲ್ಲಿ ಆಸಕ್ತಿ ಇಲ್ಲ.' ಇದು ಸುಳ್ಳು. ಗುಂಡ್ಲುಪೇಟೆಯ ಹುಡುಗರಿಗೆ ಮಲಪ್ಪುರಂ ಕಡೆಯ ಸೆವೆನ್ಸ್ ಪಂದ್ಯಗಳ ಕತೆ ಬಾಯಿಪಾಠ. ಕೊಯ್ಲಾದ ಗದ್ದೆಯಲ್ಲಿ ಗ್ಯಾಲರಿ ಕಟ್ಟಿ, ಒಂದು ಕಡೆಗೆ ಏಳೇ ಜನ ಆಡುವ ಆ ಆಟಕ್ಕೆ ಆಫ್ರಿಕಾದಿಂದ ಆಟಗಾರರು ಬರುತ್ತಾರೆಂಬುದನ್ನು ಅವರು ಕಣ್ಣರಳಿಸಿ ಹೇಳುತ್ತಾರೆ. 2022ರ ಡಿಸೆಂಬರಿನಲ್ಲಿ ವಿಶ್ವಕಪ್ ನಡೆಯುವಾಗ ಚಾಮರಾಜನಗರದ ಗಲ್ಲಿಗಳಲ್ಲಿ ಅರ್ಜೆಂಟೀನಾದ ತಿಳಿನೀಲಿ ಬಾವುಟ ಕಟ್ಟಿದವರು ಯಾರು? ಆಸಕ್ತಿ ಇಲ್ಲದವರೇ? ಹಸಿವು ಇದೆ. ಪಕ್ಕದ ಮನೆಯ ಅಡುಗೆಯ ವಾಸನೆ ಕುಡಿದು ಮಲಗುತ್ತಿದ್ದಾರೆ, ಅಷ್ಟೆ.

ಎರಡನೆಯ ಉತ್ತರ: 'ಸಣ್ಣ ಊರು ಸಾರ್, ನಮ್ಮಿಂದ ಏನಾಗುತ್ತದೆ?' ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ಜರ್ಮನಿಯ ದಕ್ಷಿಣದಲ್ಲಿ ಹೈಡನ್‌ಹೈಮ್ ಎಂಬ ಊರಿದೆ. ಬ್ರೆಂಟ್ಸ್ ಎಂಬ ಚಿಕ್ಕ ನದಿಯ ದಡದ ಊರು. ಕಾಗದದ ಗಿರಣಿಗೆ ಬೇಕಾದ ಯಂತ್ರ, ವಿದ್ಯುತ್ ಸ್ಥಾವರದ ಟರ್ಬೈನು ಮಾಡುವ ಫೊಯ್ಟ್ ಎಂಬ ಕಾರ್ಖಾನೆ ಬಿಟ್ಟರೆ ದೊಡ್ಡ ಹೆಸರೇನಿಲ್ಲ. ಜನಸಂಖ್ಯೆ ಸುಮಾರು ಐವತ್ತು ಸಾವಿರ. 2011ರ ಜನಗಣತಿಯಲ್ಲೇ ಚಾಮರಾಜನಗರ ಪಟ್ಟಣದ ಜನಸಂಖ್ಯೆ ಎಪ್ಪತ್ತು ಸಾವಿರದ ಹತ್ತಿರ ಇತ್ತು. ಅಂದರೆ ಅದು ನಮಗಿಂತ ಸಣ್ಣ ಊರು. ಆ ಊರಿನಲ್ಲೇ ಹುಟ್ಟಿದ ಫ್ರಾಂಕ್ ಶ್ಮಿಟ್ ಎಂಬಾತ 2007ರಲ್ಲಿ ಆ ಊರಿನ ತಂಡಕ್ಕೆ ತರಬೇತುದಾರನಾದಾಗ ಅದು ನಾಲ್ಕನೇ ದರ್ಜೆಯ ಲೀಗಿನಲ್ಲಿ, ಅಕ್ಕಪಕ್ಕದ ಊರುಗಳ ತಂಡಗಳ ಜೊತೆ ಆಡುತ್ತಿತ್ತು. 2009ರಲ್ಲಿ ಮೂರನೇ ದರ್ಜೆಗೆ ಏರಿತು. 2014ರಲ್ಲಿ ಎರಡನೇ ದರ್ಜೆಗೆ. 2023ರ ಮೇ ತಿಂಗಳಲ್ಲಿ, ಕೊನೆಯ ಪಂದ್ಯದಲ್ಲಿ 2-0 ಹಿಂದೆ ಬಿದ್ದು, ತೊಂಬತ್ತು ನಿಮಿಷ ಮುಗಿದ ಮೇಲೆ ಎರಡು ಗೋಲು ಹೊಡೆದು 3-2ರಿಂದ ಗೆದ್ದು, ಬುಂಡೆಸ್‌ಲೀಗಾ ಎಂಬ ಅತ್ಯುನ್ನತ ದರ್ಜೆಗೆ ಏರಿತು. ಅದೇ ಮಾರ್ಚಿನಲ್ಲಿ ನಾವು ಚಹಾದಂಗಡಿಯಲ್ಲಿ ನಮ್ಮ ತಂಡ ಯಾವುದೆಂದು ಹುಡುಕುತ್ತಿದ್ದೆವು.

2023-24ರ ಅದರ ಮೊದಲ ಸಾಲನ್ನು ನೋಡಿ. ಮೊದಲ ಪಂದ್ಯದಲ್ಲಿ ಸೋಲು. ಜರ್ಮನ್ ಕಪ್ಪಿನಲ್ಲಿ ಮೊದಲ ಸುತ್ತಿಗೆ ಒಂದು ಹವ್ಯಾಸಿ ತಂಡದ ಮೇಲೆ 8-0 ಗೆಲುವು, ಎರಡನೇ ಸುತ್ತಿನಲ್ಲೇ ಸೋತು ಮನೆಗೆ. ಇವರು ಒಂದು ವರ್ಷದ ಅತಿಥಿಗಳು ಎಂದು ಎಲ್ಲರೂ ಬರೆದುಬಿಟ್ಟಿದ್ದರು. ಆದರೆ 2024ರ ಏಪ್ರಿಲ್ 6ರಂದು, ಹದಿನೈದು ಸಾವಿರ ಜನ ಹಿಡಿಸುವ ತಮ್ಮ ಪುಟ್ಟ ಮೈದಾನದಲ್ಲಿ, ಬಯರ್ನ್ ಮ್ಯೂನಿಕ್ ಎಂಬ ದೈತ್ಯನ ಎದುರು 2-0 ಹಿಂದೆ ಬಿದ್ದು 3-2ರಿಂದ ಗೆದ್ದರು. ಕೊನೆಯ ದಿನ ಕೊಲೋನ್ ತಂಡವನ್ನು 4-1ರಿಂದ ಸೋಲಿಸಿ ಹದಿನೆಂಟು ತಂಡಗಳಲ್ಲಿ ಎಂಟನೆಯವರಾದರು. ಮುಂದಿನ ಸಾಲಿನಲ್ಲಿ ಯುರೋಪಿನ ಪಂದ್ಯಾವಳಿಯಲ್ಲಿ ಲಂಡನ್ನಿನ ಚೆಲ್ಸಿ ಆ ಊರಿಗೇ ಬಂದು ಆಡಿ ಹೋಯಿತು. ಅದೇ 2024-25ರಲ್ಲಿ ಹೈಡನ್‌ಹೈಮ್ ಲೀಗಿನ ತಳಕ್ಕೆ ಕುಸಿದು ಹದಿನಾರನೆಯದಾಯಿತು. ಕೊನೆಗೆ ಎಲ್ವರ್ಸ್‌ಬರ್ಗ್ ಎಂಬ ಇನ್ನೂ ಸಣ್ಣ ಊರಿನ ತಂಡದ ಜೊತೆ ಜೀವನ್ಮರಣದ ಪಂದ್ಯ ಆಡಿ, ಕೊನೆಯ ಕ್ಷಣದ ಗೋಲಿನಿಂದ ಉಳಿದುಕೊಂಡಿತು. ಏರುವುದೂ ಉಂಟು, ಬೀಳುವುದೂ ಉಂಟು. ನ್ಯಾಯವೆಂದರೆ ಅದೇ ಅಲ್ಲವೇ?

ಈ ಊರಿನ ನೀರಿನಲ್ಲಿ ಏನಾದರೂ ವಿಶೇಷ ಇದೆಯೇ? ಇಲ್ಲ. ಅಲ್ಲಿ ಏಣಿ ಇದೆ. ಅತ್ಯಂತ ಕೆಳಗಿನ ಮೆಟ್ಟಿಲು ಹಳ್ಳಿಯ ಮೈದಾನದಲ್ಲಿದೆ, ಮೇಲಿನ ಮೆಟ್ಟಿಲು ಮ್ಯೂನಿಕ್‌ನಲ್ಲಿದೆ. ನಡುವೆ ಎಲ್ಲೂ ಬಾಗಿಲಿಗೆ ಬೀಗ ಹಾಕಿಲ್ಲ. ಅವರ ಕಪ್ಪಿನ ಪದ್ಧತಿ ಇನ್ನೂ ಚೆನ್ನ. ಅರವತ್ತನಾಲ್ಕು ತಂಡಗಳು. ದೇಶದ 21 ಪ್ರಾದೇಶಿಕ ಸಂಘಗಳು ನಡೆಸುವ ಕಪ್ಪುಗಳನ್ನು ಗೆದ್ದ ಸಣ್ಣ ತಂಡಗಳಿಗೆ ಅದರಲ್ಲಿ ಜಾಗ ಉಂಟು. ಮೊದಲ ಸುತ್ತಿನಲ್ಲಿ ಸಣ್ಣವನ ಊರಿಗೆ ದೊಡ್ಡವನೇ ಹೋಗಿ ಆಡಬೇಕು. 1994ರಲ್ಲಿ ಫೆಸ್ಟನ್‌ಬರ್ಗ್ಸ್‌ಗ್ರಾಯ್ಟ್ ಎಂಬ, ನಾಲಿಗೆ ತಿರುಗದ ಹೆಸರಿನ ಹಳ್ಳಿ ತಂಡ ಬಯರ್ನನ್ನು 1-0ಯಿಂದ ಸೋಲಿಸಿತು. 2023ರ ನವೆಂಬರಿನಲ್ಲಿ ಮೂರನೇ ದರ್ಜೆಯ ಸಾರ್‌ಬ್ರೂಕನ್ 2-1ರಿಂದ ಅದೇ ಬಯರ್ನನ್ನು ಹೊರಗಟ್ಟಿತು. 2025ರಲ್ಲಿ ಮೂರನೇ ದರ್ಜೆಯ ಬೀಲೆಫೆಲ್ಡ್, ಹಿಂದಿನ ವರ್ಷ ಲೀಗು, ಕಪ್ಪು ಎರಡನ್ನೂ ಗೆದ್ದಿದ್ದ ಲೆವರ್‌ಕೂಸನ್ನನ್ನು ಸೋಲಿಸಿ ಫೈನಲ್ ತಲುಪಿತು.

ನಮ್ಮ ಓದುಗರಿಗೆ ಒಂದು ಹೋಲಿಕೆ ಹೇಳುತ್ತೇನೆ. ಮಸೀದಿಯಲ್ಲಿ ನಮಾಜಿನ ಸಾಲಿಗೆ ಸಫ್ ಎನ್ನುತ್ತೇವೆ. ಮೊದಲು ಬಂದವನು ಮೊದಲ ಸಫಿನಲ್ಲಿ ನಿಲ್ಲುತ್ತಾನೆ. ಅಂಗಡಿಯ ಸೇಠು ತಡವಾಗಿ ಬಂದರೆ ಚಪ್ಪಲಿ ಬಿಡುವ ಜಾಗದ ಹತ್ತಿರ ನಿಲ್ಲಬೇಕು, ಅವನ ಹಮಾಲಿ ಇಮಾಮರ ಬೆನ್ನ ಹಿಂದೆಯೇ ನಿಂತಿರುತ್ತಾನೆ. ಆಟದಲ್ಲಿ ಲೀಗು, ಕಪ್ಪು ಎಂಬುದರ ಅರ್ಥವೂ ಇದೇ. ಜಾಗವನ್ನು ಯಾರೂ ಕೊಂಡುಕೊಂಡಿರಬಾರದು.

ಜರ್ಮನಿ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಕ್ಲಬ್ಬಿನ ಹೆಚ್ಚಿನ ಮತಾಧಿಕಾರ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವನ್ನು 1998ರಲ್ಲಿ ತಂದರು. ಬೆರಳೆಣಿಕೆಯ ಸದಸ್ಯರನ್ನು ಇಟ್ಟುಕೊಂಡು ಆ ನಿಯಮದ ಸಂದಿಯಲ್ಲಿ ನುಸುಳಿದ ಲೈಪ್‌ಸಿಗ್‌ನಂಥ ಕಂಪನಿ ತಂಡವೂ ಅಲ್ಲೇ ಇದೆ. 2014ರಲ್ಲಿ ಆ ದೇಶಕ್ಕೆ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬರಾದ ಮೆಸುತ್ ಓಜಿಲ್ 2018ರಲ್ಲಿ, ಗೆದ್ದಾಗ ನಾನು ಜರ್ಮನ್, ಸೋತಾಗ ವಲಸೆಗಾರ ಎಂಬ ಅರ್ಥದ ಮಾತು ಹೇಳಿ ರಾಷ್ಟ್ರೀಯ ತಂಡ ತೊರೆದರು. ಕ್ರಿಕೆಟ್ ಪಂದ್ಯದ ಮರುದಿನ ಯಾರ ಮನೆಯಲ್ಲಿ ಟಿ.ವಿ.ಯ ಸದ್ದು ಎಷ್ಟಿತ್ತೆಂದು ಅಳೆಯುವ ಬೀದಿಗಳಲ್ಲಿ ಬೆಳೆದ ನಮಗೆ ಆ ನೋವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಜರ್ಮನಿಯಲ್ಲಿ 2022ರ ಏಪ್ರಿಲ್‌ನಲ್ಲಿ ರೋಜಾ ಹಿಡಿದಿದ್ದ ಆಟಗಾರನೊಬ್ಬ ಇಫ್ತಾರ್ ಮಾಡಲೆಂದು ರೆಫರಿ ಬುಂಡೆಸ್‌ಲೀಗಾ ಪಂದ್ಯವನ್ನು ನಿಲ್ಲಿಸಿದ್ದೂ ಉಂಟು. 2024ರ ಫೆಬ್ರವರಿಯಲ್ಲಿ, ಲೀಗಿನ ಆದಾಯದ ಪಾಲನ್ನು ಹೂಡಿಕೆದಾರರಿಗೆ ಮಾರುವುದನ್ನು ವಿರೋಧಿಸಿ ಅಭಿಮಾನಿಗಳು ವಾರಗಟ್ಟಲೆ ಮೈದಾನಕ್ಕೆ ಟೆನಿಸ್ ಚೆಂಡುಗಳನ್ನೆಸೆದು ಪಂದ್ಯ ನಿಲ್ಲಿಸಿದರು. ಕೊನೆಗೆ ಲೀಗು ಆ ವ್ಯವಹಾರವನ್ನೇ ಕೈಬಿಟ್ಟಿತು. ಆಟ ತಮ್ಮದು ಎಂಬ ಹಕ್ಕು ಇರುವ ಜನ ಮಾತ್ರ ಹೀಗೆ ಜಗಳ ಮಾಡಬಲ್ಲರು.

ಇನ್ನು ನಮ್ಮ ದೇಶದ ಲೀಗು. 2014ರಲ್ಲಿ ಎಂಟು ತಂಡಗಳೊಂದಿಗೆ ಹುಟ್ಟಿದ ಇಂಡಿಯನ್ ಸೂಪರ್ ಲೀಗಿಗೆ ತಂಡಗಳು ಬಂದದ್ದು ಆಡಿ ಗೆದ್ದಲ್ಲ, ಹಣ ಕಟ್ಟಿ. ಎಷ್ಟೇ ಸೋತರೂ ಯಾರೂ ಕೆಳಗೆ ಬೀಳದ ಲೀಗು ಅದಾಯಿತು. ಕೆಳಗಿನ ಐ-ಲೀಗ್ ಗೆದ್ದವರಿಗೆ ಮೇಲೇರುವ ಕಿರುಬಾಗಿಲು ತೆರೆದದ್ದು 2023ರಲ್ಲಿ, ಪಂಜಾಬ್ ತಂಡಕ್ಕೆ. 2024ರಲ್ಲಿ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಹಾಗೆ ಏರಿತು. ಮೊದಲ ಸಾಲಿನಲ್ಲೇ ಕೊನೆಯ ಸ್ಥಾನ, ಆಟಗಾರರಿಗೆ ಸಂಬಳವಿಲ್ಲದ ಸ್ಥಿತಿ. 2025ರ ಜುಲೈನಲ್ಲಿ ಫೆಡರೇಷನ್ನಿಗೂ ಲೀಗು ನಡೆಸುವ ಕಂಪನಿಗೂ ಒಪ್ಪಂದದ ತಕರಾರು ಬಂದು ಇಡೀ ಲೀಗೇ ತಡೆಹಿಡಿಯಲ್ಪಟ್ಟಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಿತು. 2013ರಲ್ಲಿ ಹುಟ್ಟಿ, ಮೊದಲ ಸಾಲಿನಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್‌ವರೆಗೂ ಹೋಗಿದ್ದ ತಂಡಕ್ಕೇ ಈ ಗತಿ. ಬೇರು ನೆಲದಲ್ಲಿ ಇಳಿಯದ ಮರ ಎಷ್ಟು ಎತ್ತರ ಬೆಳೆದರೇನು, ಕುಂಡ ಒಡೆದ ದಿನ ಬೀಳುತ್ತದೆ.

ಹಾಗಾದರೆ ಬೇರು ನಮ್ಮಲ್ಲಿ ಎಂದೂ ಇರಲಿಲ್ಲವೇ? ಇತ್ತು. ಇದನ್ನು ನಮ್ಮ ಜನಕ್ಕೇ ಮುಖ್ಯವಾಗಿ ಹೇಳಬೇಕು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು. ಬ್ರಿಟಿಷ್ ಸೈನ್ಯದ ರೆಜಿಮೆಂಟುಗಳೇ ಅದನ್ನು ವರ್ಷವರ್ಷವೂ ಹೊತ್ತುಕೊಂಡು ಹೋಗುತ್ತಿದ್ದವು. ಅದನ್ನು ಮೊದಲ ಬಾರಿ ಗೆದ್ದ ಭಾರತೀಯ ತಂಡ ಕೋಲ್ಕತ್ತಾದ್ದಲ್ಲ. 1937ರಲ್ಲಿ ಅದನ್ನು ಗೆದ್ದದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಅವರು ಸೋಲಿಸಿದ್ದು, 1934ರಿಂದ ಕಲ್ಕತ್ತಾ ಲೀಗನ್ನು ಸಾಲಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗನ್ನು. 1938ರಲ್ಲಿ ಮತ್ತೆ ಗೆದ್ದರು, ಈ ಬಾರಿ ಬ್ರಿಟಿಷ್ ರೆಜಿಮೆಂಟಿನ ಎದುರು. 1948ರಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಮೂರನೆಯ ಬಾರಿ. ಅದೇ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ಸಂಸ್ಥಾನ 1946ರಲ್ಲೇ ಸಂತೋಷ್ ಟ್ರೋಫಿ ಗೆದ್ದಿತ್ತು. ಆಸ್ಟಿನ್ ಟೌನ್, ಗೌತಮಪುರದಂಥ ಬಡವರ ಕೇರಿಗಳಲ್ಲಿ ಬರಿಗಾಲಿನಲ್ಲಿ ಬೆಳೆದ ಆಟ ಅದು. ನಮ್ಮ ಮಕ್ಕಳಿಗೆ ಟಿಪ್ಪುವಿನ ಕತ್ತಿಯ ಕತೆ ನೂರು ಸಲ ಹೇಳುತ್ತೇವೆ. 1937ರ ಈ ಹನ್ನೊಂದು ಜನರ ಕತೆಯನ್ನು ಒಂದು ಸಲವಾದರೂ ಹೇಳಿದ್ದೇವೆಯೇ?

ಈಗ ನಮ್ಮ ಊರಿಗೆ ಬರೋಣ. ನಾನು ಬಲ್ಲ ಇಷ್ಟು ವರ್ಷಗಳಲ್ಲಿ ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ವಾರಕ್ಕೊಂದು ಪಂದ್ಯದಂತೆ ತಿಂಗಳುಗಟ್ಟಲೆ ನಡೆದ ಫುಟ್‌ಬಾಲ್ ಲೀಗನ್ನು ನಾನು ಕಂಡಿಲ್ಲ. ಕಂಡಿರುವುದು ಟೂರ್ನಮೆಂಟು. ಭಾನುವಾರ ಬೆಳಿಗ್ಗೆ ಶಾಮಿಯಾನ, ಡಿ.ಜೆ., ಆನೆಗಾತ್ರದ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಮೇಲಿಂದ ಕೆಳಗಿನವರೆಗೆ ನಾಯಕರ ಮುಖಗಳು, ಮೂಲೆಯಲ್ಲೊಂದು ಚೆಂಡು. ಹತ್ತು ಗಂಟೆಗೆ ಬರಬೇಕಾದ ಮುಖ್ಯ ಅತಿಥಿ ಒಂದು ಗಂಟೆಗೆ ಬಂದು, ಪ್ಯಾಂಟಿನ ಬೂಟುಕಾಲಿನಲ್ಲಿ ಒಂದು ಕಿಕ್ ಹೊಡೆದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಹುಡುಗರು ಅಲ್ಲಿಯವರೆಗೆ ಬಿಸಿಲಲ್ಲಿ ಸಾಲಾಗಿ ನಿಂತಿರಬೇಕು. ಸಂಜೆ ಗೋಲ್‌ಕೀಪರಿಗಿಂತ ಎತ್ತರದ ಶೀಲ್ಡು. ಮರುದಿನ ಗೋಲುಕಂಬವೂ ಇಲ್ಲ, ಶಾಮಿಯಾನವೂ ಇಲ್ಲ. ಒಂದು ಪಂದ್ಯ ಸೋತ ಹುಡುಗನಿಗೆ ಆ ವರ್ಷದ ಆಟ ಮುಗಿಯಿತು. ಸೋತು ಕಲಿಯುವ ಅವಕಾಶವೇ ಇಲ್ಲದ ಕಡೆ ಆಟಗಾರ ಹುಟ್ಟುವುದು ಹೇಗೆ?

ಇದು ನಮ್ಮ ಜಿಲ್ಲೆಯ ರೋಗ ಮಾತ್ರವಲ್ಲ. ಆ ಡುರಾಂಡ್ ಕಪ್ಪಿನ ಬಹುಮಾನ ವಿತರಣೆಯಲ್ಲಿ ಅಂದಿನ ಪಶ್ಚಿಮ ಬಂಗಾಳದ ರಾಜ್ಯಪಾಲರು ಕಪ್ಪಿನ ಜೊತೆ ಫೋಟೋದಲ್ಲಿ ಕಾಣಿಸಿಕೊಳ್ಳಲು, ಗೆದ್ದ ತಂಡದ ನಾಯಕ ಛೆಟ್ರಿಯನ್ನೇ ಕೈಯಿಂದ ಪಕ್ಕಕ್ಕೆ ಸರಿಸಿದ್ದನ್ನು ದೇಶವೆಲ್ಲ ನೋಡಿತು. ದೇಶದ ಅತಿ ದೊಡ್ಡ ಆಟಗಾರನಿಗೇ ತನ್ನ ಕಪ್ಪಿನ ಪಕ್ಕ ಜಾಗವಿಲ್ಲದಿದ್ದರೆ ಗಾಳಿಪುರದ ಹುಡುಗನ ಪಾಡೇನು? 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ಕಪ್ಪಿನ ಮೆರವಣಿಗೆ ನೋಡಲು ಹೋದ ಹನ್ನೊಂದು ಜನ ಕಾಲ್ತುಳಿತದಲ್ಲಿ ಸತ್ತರು. ತಾವು ಎಂದೂ ಮುಟ್ಟಲಾರದ ಕಪ್ಪನ್ನು ದೂರದಿಂದ ನೋಡಲು ಹೋಗಿ ಸತ್ತರು. ಕಪ್ಪಿನ ಹುಚ್ಚು ಹಿಡಿಸಿದ್ದೇವೆ, ಆಟ ಕೊಟ್ಟಿಲ್ಲ. ನಾನು ಓದಿದ ಶಾಲೆಯ ಮೈದಾನದಲ್ಲಿ ನಮ್ಮ ಕಾಲದಲ್ಲಿ ಎರಡು ತಂಡ ಒಟ್ಟಿಗೆ ಆಡುತ್ತಿದ್ದವು. ಈಗ ಅದರ ಒಂದು ಬದಿಗೆ ಕಟ್ಟಡ, ಇನ್ನೊಂದು ಬದಿಗೆ ಕಾಂಪೌಂಡು, ಉಳಿದ ಕಡೆ ಜಲ್ಲಿ ರಾಶಿ. ಯಾರನ್ನು ಕೇಳಿದರೂ, ಆಟದ ಮೈದಾನ ಹೋಯಿತೆಂದು ಬೇಸರ ಪಟ್ಟುಕೊಳ್ಳುತ್ತಾರೆ. ಅದು ಹೋಗುವಾಗ ಎಲ್ಲಿದ್ದಿರಿ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ನಾನೂ ಸುಮ್ಮನಿದ್ದವನೇ.

ಸರ್ಕಾರಕ್ಕೆ ಬೈದು ಮುಗಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ ನಮ್ಮ ಮನೆಯೊಳಗಿನ ಮಾತನ್ನೂ ಆಡಬೇಕು. ನಮ್ಮ ಕೆಲವು ಹಿರಿಯರಿಗೆ ಚೆಂಡು ಕಂಡರೆ ಆಗುವುದಿಲ್ಲ. 'ಆಟವೆಲ್ಲ ಕಾಲಹರಣ, ಚಡ್ಡಿ ಹಾಕಿಕೊಂಡು ಕುಣಿಯುವುದು ನಮ್ಮ ತಹಜೀಬ್ ಅಲ್ಲ' ಎನ್ನುತ್ತಾರೆ. ಹಜರತ್, ಮಂಡಿ ಮುಚ್ಚುವ ಚಡ್ಡಿ ಪೇಟೆಯಲ್ಲಿ ಸಿಗುತ್ತದೆ. ಅದಕ್ಕಾಗಿ ಆಟವನ್ನೇ ಬಿಡಬೇಕಿಲ್ಲ. ಪ್ರವಾದಿಯವರು ತಮ್ಮ ಪತ್ನಿ ಆಯಿಷಾರ ಜೊತೆ ಓಟದ ಪಂದ್ಯ ಓಡಿದ್ದು, ಒಮ್ಮೆ ಅವರು ಗೆದ್ದು ಇನ್ನೊಮ್ಮೆ ಇವರು ಗೆದ್ದದ್ದು ಹದೀಸಿನಲ್ಲೇ ಬಂದಿದೆ. ಮದೀನಾದ ಮಸೀದಿಯ ಅಂಗಳದಲ್ಲೇ ಹಬಶಿಗಳು ಈಟಿಯಾಟ ಆಡಿದಾಗ ಪ್ರವಾದಿಯವರು ತಡೆಯಲಿಲ್ಲ. ಆಯಿಷಾರಿಗೆ ತಮ್ಮ ಭುಜದ ಮರೆಯಿಂದ ನೋಡಗೊಟ್ಟರು. ಅಸರ್ ಮತ್ತು ಮಗ್ರಿಬ್ ನಡುವಿನ ಹೊತ್ತು ನಮ್ಮ ಹುಡುಗರು ಎಲ್ಲಿರುತ್ತಾರೆಂದು ಹಿರಿಯರು ಒಮ್ಮೆ ಹೋಗಿ ನೋಡಲಿ. ಮೈದಾನದಲ್ಲಿಲ್ಲ, ನಿಜ. ಮೊಬೈಲಿನಲ್ಲಿ ಐಪಿಎಲ್ ಬಾಜಿ ಕಟ್ಟುತ್ತಾ ಮೋರಿಕಟ್ಟೆಯ ಮೇಲೆ ಕೂತಿರುತ್ತಾರೆ. ಬೆವರಿನ ಆಟವನ್ನು ತಡೆದು ಜೂಜಿನ ಆಟಕ್ಕೆ ದಾರಿ ಬಿಟ್ಟವರು ಯಾರು?

ಹೆಣ್ಣುಮಕ್ಕಳ ಮಾತೂ ಇಲ್ಲೇ ಬರುತ್ತದೆ. ಆ ಹಳದಿ ಜೆರ್ಸಿಯ ಹುಡುಗನಿಗೊಬ್ಬಳು ತಂಗಿ ಇದ್ದಾಳೆ. ಒಂಬತ್ತು ವರ್ಷದವರೆಗೆ ಅಣ್ಣನಿಗಿಂತ ಚೆನ್ನಾಗಿ ಒದೆಯುತ್ತಿದ್ದವಳು. ಆಮೇಲೆ ತಾರಸಿಯ ಮೇಲಿಂದ ನೋಡುವವಳಾದಳು. ಯಾವ ದಿನ, ಯಾರು ಅವಳ ಕೈಯಿಂದ ಚೆಂಡು ಕಿತ್ತುಕೊಂಡರೆಂದು ಅವಳನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. ಯಾರೂ ಕಿತ್ತುಕೊಳ್ಳಲಿಲ್ಲ, ಎಲ್ಲರೂ ಸೇರಿ ಮೆಲ್ಲಗೆ ತೆಗೆದಿಟ್ಟೆವು. ಆಯಿಷಾರ ಓಟದ ಕತೆಯನ್ನು ಬಯಾನಿನಲ್ಲಿ ಕೇಳಿ ತಲೆದೂಗುವ ನಾವು ನಮ್ಮ ಮನೆಯ ಮಗಳನ್ನು ತಾರಸಿಗೆ ಕಳಿಸುತ್ತೇವೆ.

ಇನ್ನು ಕೆಲವು ಉತ್ಸಾಹಿ ಗೆಳೆಯರಿದ್ದಾರೆ. ಬೆಂಗಳೂರು ಮುಸ್ಲಿಮ್ಸ್ ಕತೆ ಹೇಳಿದ ಕೂಡಲೇ, 'ನಾವೂ ಒಂದು ಮುಸ್ಲಿಂ ತಂಡ ಕಟ್ಟೋಣ' ಎನ್ನುತ್ತಾರೆ. ಬೇಡ ಎಂದು ನಾನು ಕೈಮುಗಿದು ಹೇಳುತ್ತೇನೆ. ಅದು ಹಿಂದೂ, ಮುಸ್ಲಿಂ, ಪಾರ್ಸಿ ಎಂದು ಕ್ರಿಕೆಟ್ ತಂಡಗಳನ್ನೂ ವಿಂಗಡಿಸಿದ್ದ ಕಾಲ. ಆ ಹನ್ನೊಂದು ಜನರ ಹೆಮ್ಮೆ ನಮ್ಮದು, ಆ ಕಾಲದ ವಿಂಗಡಣೆ ನಮ್ಮದಾಗಬೇಕಿಲ್ಲ. ಮೊಹಲ್ಲಾಕ್ಕೊಂದು ತಂಡ, ಜಾತಿಗೊಂದು ತಂಡ ಮಾಡಿದರೆ ಮೂರನೇ ಪಂದ್ಯದಲ್ಲಿ ಒಂದು ಫೌಲ್ ಆಗಿ, ಸಂಜೆಗೆ ಪೊಲೀಸ್ ವ್ಯಾನು ಬಂದು ನಿಲ್ಲುತ್ತದೆ. ತಂಡಕ್ಕೆ ಊರಿನ ಹೆಸರಿರಲಿ. ಚಾಮರಾಜನಗರದ ತಂಡದಲ್ಲಿ ನಾಯಕರ ಹುಡುಗ ಗೋಲು ಕಾಯಲಿ, ಕೇರಿಯ ಹುಡುಗ ಹಾಫ್ ಆಡಲಿ, ಗಾಳಿಪುರದವನು ಮುಂದೆ ಓಡಲಿ, ಲಿಂಗಾಯತರ ಬೀದಿಯವನು ಬದಿಯಿಂದ ಪಾಸು ಕೊಡಲಿ. ಪಾಸು ಕೊಡುವವನಿಗೆ ಜಾತಿ ನೋಡಲು ಪುರಸೊತ್ತಿರುವುದಿಲ್ಲ. ಭಾವೈಕ್ಯದ ಭಾಷಣಗಳಿಗಿಂತ ಇದು ಅಗ್ಗ, ಮತ್ತು ನಿಜ.

ಹಾಗಾದರೆ ಏನು ಮಾಡಬೇಕು? ಕೋಟಿಗಳ ಸ್ಟೇಡಿಯಂ ಕೇಳುತ್ತಿಲ್ಲ. ಚಾಮರಾಜನಗರದಿಂದ ಎರಡು ತಂಡ. ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು, ಹನ್ನೂರಿನಿಂದ ಒಂದೊಂದು. ಆರು ತಂಡ. ಒಬ್ಬರೊಡನೊಬ್ಬರು ಎರಡು ಸಲ, ಒಮ್ಮೆ ಅವರ ಊರಿನಲ್ಲಿ ಒಮ್ಮೆ ನಮ್ಮ ಊರಿನಲ್ಲಿ. ಲೆಕ್ಕ ಹಾಕಿದರೆ ಮೂವತ್ತು ಪಂದ್ಯ, ಹತ್ತು ಭಾನುವಾರ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗರು ಯಳಂದೂರಿನ ತಂಡದಲ್ಲಿ ಆಡಬೇಕು, ಅದು ಶರತ್ತು. ಖರ್ಚು ಏನು? ಚೆಂಡು, ಬಲೆ, ಗೆರೆ ಎಳೆಯಲು ಸುಣ್ಣ, ರೆಫರಿಗೆ ಬಸ್ ಚಾರ್ಜು ಮತ್ತು ಊಟ. ಶಾಲಾ ಕಾಲೇಜುಗಳು ಭಾನುವಾರ ಗೇಟು ತೆರೆದರೆ ಸಾಕು. ಒಂದು ಫ್ಲೆಕ್ಸಿನ, ಒಂದು ಡಿ.ಜೆ.ಯ ಹಣವನ್ನು ಜಮಾತುಗಳು, ಗಣೇಶೋತ್ಸವದ ಯುವಕ ಸಂಘಗಳು, ವರ್ತಕರ ಸಂಘಗಳು ಈ ಕಡೆ ತಿರುಗಿಸಲಿ. ಗೆದ್ದವರಿಗೆ ಶೀಲ್ಡು ಬೇಡ. ಗೆದ್ದವರು ಮೈಸೂರಿನ ಗೆದ್ದವರೊಡನೆ, ಅಲ್ಲಿ ಗೆದ್ದವರು ಬೆಂಗಳೂರಿನವರೊಡನೆ ಆಡುವ ದಾರಿಯನ್ನು ರಾಜ್ಯ ಫುಟ್‌ಬಾಲ್ ಸಂಸ್ಥೆ ಬರೆದುಕೊಡಲಿ. ಮತ್ತು ವರ್ಷಕ್ಕೊಮ್ಮೆ, ಒಂದೇ ಒಂದು ಸಲ, ಬೆಂಗಳೂರಿನ ದೊಡ್ಡ ತಂಡವೊಂದು ಲಾಟರಿ ಎತ್ತಿ ಜಿಲ್ಲೆಯ ತಂಡವೊಂದರ ಊರಿಗೆ ಬಂದು ಕಪ್ಪಿನ ಪಂದ್ಯ ಆಡಲಿ. ಎಂಟು ಗೋಲು ತಿಂದು ಸೋಲುತ್ತೇವೆ, ಪರವಾಗಿಲ್ಲ. ಆ ಎಂಟು ಗೋಲನ್ನು ಊರು ನೋಡುತ್ತದೆ. ಒಂಬತ್ತನೆಯದನ್ನು ತಡೆದ ಹುಡುಗನ ಹೆಸರನ್ನು ಊರು ನೆನಪಿಡುತ್ತದೆ.

'ಆಟ ಹೊಟ್ಟೆ ತುಂಬಿಸ್ತದಾ ಸಾಬ್ರೇ?' ಎಂದು ನಮ್ಮ ಬೀದಿಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಬಹಳ ಜನರಿಗೆ ತುಂಬಿಸುವುದಿಲ್ಲ, ಸ್ವಾಮಿ. ಹೈಡನ್‌ಹೈಮಿನಲ್ಲೂ ಆಡುವ ನೂರು ಹುಡುಗರಲ್ಲಿ ಹೆಚ್ಚಿನವರು ನಾಳೆ ಕಾರ್ಖಾನೆಗೇ ಹೋಗುತ್ತಾರೆ. ಆದರೆ ಶನಿವಾರ ಮೈದಾನಕ್ಕೆ ಹೋದಾಗ 'ಇದು ನನ್ನ ಊರು' ಎಂದು ಎದೆ ತಟ್ಟಿ ಹೇಳಬಲ್ಲರು. ನಮ್ಮ ಹುಡುಗರಿಗೆ ಊರಿನ ಪರಿಚಯವಾಗುವುದು ಆಧಾರ್ ಕಾರ್ಡಿನಲ್ಲಿ, ಮತ್ತು ಯಾರಾದರೂ 'ನೀವು ಯಾವ ಕಡೆಯವರು?' ಎಂದು ಅನುಮಾನದಿಂದ ಕೇಳಿದಾಗ. ಊರು ತನ್ನದೆಂದು ಹೇಳಿಕೊಳ್ಳಲು ಒಂದು ಅಂಗಿ, ಹನ್ನೊಂದು ಜನರಲ್ಲಿ ಒಂದು ಜಾಗ ಬೇಕು. ಇಷ್ಟೇ ನಾನು ಕೇಳುತ್ತಿರುವುದು.

ಅಕ್ಕನ ಮಗ ಪಿಯುಸಿಗೆ ಓದು ನಿಲ್ಲಿಸಿದ. ಈಗ ಶುಂಠಿ ತೊಳೆಯುವ ಕಡೆ ಲೆಕ್ಕ ಬರೆಯುತ್ತಾನೆ. ಹಳದಿ ಜೆರ್ಸಿ ಮಾಸಿ, ಬೈಕು ಒರೆಸುವ ಬಟ್ಟೆಯಾಗಿದೆ. ಕಳೆದ ಸಲ ಹೋದಾಗ ಅವನ ಚಿಕ್ಕ ತಮ್ಮ, ಹನ್ನೊಂದು ವರ್ಷದವನು, ಪ್ಲಾಸ್ಟಿಕ್ ಚೆಂಡನ್ನು ಗೇಟಿಗೆ ಒದೆಯುತ್ತಿದ್ದ. ಗೇಟಿನ ಸದ್ದಿಗೆ ಅಕ್ಕ ಒಳಗಿನಿಂದ ಬೈಯುತ್ತಿದ್ದಳು. ಅವನಿನ್ನೂ ನನ್ನನ್ನು ಏನೂ ಕೇಳಿಲ್ಲ. ಕೇಳುವಷ್ಟರಲ್ಲಿ ಉತ್ತರ ಸಿದ್ಧವಾಗಿರಬೇಕು. ಈ ಸಲವೂ ನಾನು ಚಹಾ ಕುಡಿಯುತ್ತಾ ಕೂರಲಾರೆ.